ಮೇಲ್ಸೇತುವೆ ಉದ್ಯಾನವಾದಾಗ: ಸಿಯೋಲ್ ನಗರದ ‘ಸಿಯೋಲ್ಲೊ 7017’

ಮಹಾನಗರಗಳಲ್ಲಿ ನೆಲೆಸಿರುವ ನಮಗೆ ಮೇಲ್ಸೇತುವೆ ಹೊಸ ವಸ್ತುವಲ್ಲ. ಅದರ ನಿರ್ಮಾಣಕಾಲದ ಧೂಳು, ಉದ್ಘಾಟನೆಯ ದಿನದ ಹೂಮಾಲೆ, ಅನಂತರದ ವಾಹನದಟ್ಟಣೆ ಇವೆಲ್ಲವನ್ನೂ ಕಂಡವರೇ ನಾವು. ಆದರೆ ಮೇಲ್ಸೇತುವೆಗೂ ಮುಪ್ಪು ಬರುತ್ತದೆ ಎಂಬುದನ್ನು ನಾವು ಯೋಚಿಸುವುದು ಕಡಿಮೆ. ನಲವತ್ತು ಐವತ್ತು ವರ್ಷಗಳಲ್ಲಿ ಕಾಂಕ್ರೀಟು ಬಿರಿಯುತ್ತದೆ, ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಆಗ ನಗರದ ಆಡಳಿತದ ಮುಂದೆ ಸಾಮಾನ್ಯವಾಗಿ ಎರಡು ಮಾರ್ಗಗಳಿರುತ್ತವೆ: ಕೆಡಹಿಬಿಡುವುದು, ಇಲ್ಲವೇ ಕೆಡಹಿ ಮತ್ತೆ ಕಟ್ಟುವುದು. ಮೂರನೆಯ ಮಾರ್ಗವೊಂದನ್ನು ಕೆಲವು ನಗರಗಳು ಹಿಡಿದಿವೆ. ವಾಹನಗಳನ್ನು ಇಳಿಸಿ, ಸೇತುವೆಯನ್ನು ಉಳಿಸಿ, ಅದರ ಮೇಲೆ ಗಿಡಮರಗಳನ್ನು ಬೆಳೆಸಿ ಜನರಿಗೆ ನಡೆದಾಡಲು ಬಿಟ್ಟುಕೊಡುವುದೇ ಆ ಮಾರ್ಗ. ಅಗಲ ಕಡಿಮೆ, ಉದ್ದ ಹೆಚ್ಚು ಆಗಿರುವ ಇಂತಹ ತೋಟವನ್ನು ನಾವು ಇಲ್ಲಿ ನೀಳ ಉದ್ಯಾನ ಎಂದು ಕರೆಯೋಣ.

ಈ ಬಗೆಯ ಉದ್ಯಾನಗಳ ಪೈಕಿ ಹೆಚ್ಚು ಪ್ರಸಿದ್ಧವಾದವು ರಸ್ತೆಯ ಮೇಲಲ್ಲ, ಹಳೆಯ ರೈಲು ಮಾರ್ಗಗಳ ಮೇಲೆ ಹುಟ್ಟಿದವು. ಪ್ಯಾರಿಸ್ಸಿನಲ್ಲಿ 1969ರಲ್ಲಿ ನಿಂತುಹೋದ ರೈಲು ದಾರಿಯೊಂದು 1993ರಲ್ಲಿ ಉದ್ಯಾನವಾಯಿತು. ನ್ಯೂಯಾರ್ಕಿನಲ್ಲಿ 1980ರಲ್ಲಿ ಕೊನೆಯ ಗೂಡ್ಸ್ ಗಾಡಿ ಓಡಿದ ಎತ್ತರದ ಹಳಿಗಳ ಮೇಲೆ 2009ರಲ್ಲಿ ‘ಹೈ ಲೈನ್’ ತೆರೆಯಿತು. ಸಿಯೋಲ್ ನಗರದ್ದು ಇವಕ್ಕಿಂತ ಕಠಿಣವಾದ ಪ್ರಕರಣ. ರೈಲು ನಿಂತು ದಶಕಗಳೇ ಕಳೆದ ಹಳಿಯನ್ನು ಕೇಳುವವರು ಯಾರೂ ಇರುವುದಿಲ್ಲ. ರಸ್ತೆಯ ಮಾತು ಹಾಗಲ್ಲ. ನಿನ್ನೆಯವರೆಗೂ ಅದರ ಮೇಲೆ ಓಡಾಡಿದವರು ಇಂದು ಎಲ್ಲಿಗೆ ಹೋಗಬೇಕು?

1970ರ ಸೇತುವೆ

ದಕ್ಷಿಣ ಕೊರಿಯಾದ ರಾಜಧಾನಿ ಸಿಯೋಲ್‌ನ ಮುಖ್ಯ ರೈಲು ನಿಲ್ದಾಣದ ಹಳಿಗಳನ್ನು ದಾಟಿಕೊಂಡು ಹೋಗುವ ಮೇಲ್ಸೇತುವೆ 1970ರ ಆಗಸ್ಟ್ 15ರಂದು ಸಂಚಾರಕ್ಕೆ ತೆರೆಯಿತು. ಆ ದಿನ ಕೊರಿಯನ್ನರಿಗೆ ವಿಮೋಚನೆಯ ದಿನ. 1945ರಲ್ಲಿ ಜಪಾನೀ ಆಳ್ವಿಕೆ ಕೊನೆಗೊಂಡ ದಿನ. ನಮ್ಮ ಸ್ವಾತಂತ್ರ್ಯ ದಿನವೂ ಅದೇ ತಾರೀಖಿಗೆ ಬೀಳುವುದು ಒಂದು ಯೋಗಾಯೋಗ. ಕೊರಿಯಾ ಕೃಷಿಯಿಂದ ಕೈಗಾರಿಕೆಯತ್ತ ದಾಪುಗಾಲು ಹಾಕುತ್ತಿದ್ದ ವರ್ಷಗಳವು. ಹಳ್ಳಿಗಳಿಂದ ಗಂಟುಮೂಟೆ ಕಟ್ಟಿಕೊಂಡು ರೈಲಿನಲ್ಲಿ ಬಂದಿಳಿದವರ ಕಣ್ಣಿಗೆ ನಿಲ್ದಾಣದ ಹೊರಗೆ ಬೀಳುತ್ತಿದ್ದ ದೃಶ್ಯಗಳಲ್ಲಿ ಈ ಸೇತುವೆಯೂ ಒಂದು. ವಿ.ಟಿ. ನಿಲ್ದಾಣದಲ್ಲೋ ದಾದರಿನಲ್ಲೋ ಮೊದಲ ಬಾರಿ ಇಳಿದ ನಮ್ಮ ಹಿರಿಯರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಲ್ದಾಣದ ಪೂರ್ವಕ್ಕೆ ನಾಮ್‌ದೇಮುನ್ ಎಂಬ ಪುರಾತನ ಸಗಟು ಮಾರುಕಟ್ಟೆ. ಪಶ್ಚಿಮಕ್ಕೆ ಮಲ್ಲಿ-ದೊಂಗ್, ಚೊಂಗ್ಪಾ-ದೊಂಗ್ ಎಂಬ ಪೇಟೆಗಳಲ್ಲಿ ನೂರಾರು ಚಿಕ್ಕ ಚಿಕ್ಕ ಹೊಲಿಗೆ ಕಾರ್ಖಾನೆಗಳು. ಪಶ್ಚಿಮದಲ್ಲಿ ಹೊಲಿದ ಬಟ್ಟೆ ಸೇತುವೆ ದಾಟಿ ಪೂರ್ವದಲ್ಲಿ ಮಾರಾಟವಾಗುತ್ತಿತ್ತು. ನಡುವೆ ಹಳಿಗಳ ಹರಹು ಇದ್ದುದರಿಂದ ಬೇರೆ ಹತ್ತಿರದ ದಾರಿ ಇರಲಿಲ್ಲ. ಮೋಟಾರು ಸೈಕಲ್ಲಿನ ಹಿಂದೆ ಆಳೆತ್ತರದ ಬಟ್ಟೆಯ ಗಂಟು ಬಿಗಿದುಕೊಂಡು ಹೋಗುವವರಿಗೆ ಆ ಸೇತುವೆಯೇ ಅನ್ನದ ದಾರಿ.

ಮೂವತ್ತು ವರ್ಷ ತುಂಬುವಷ್ಟರಲ್ಲಿ ಸೇತುವೆ ಸೋತಿತ್ತು. 1990ರ ದಶಕದ ಕೊನೆಯಲ್ಲಿ ಭಾರೀ ವಾಹನಗಳನ್ನು ನಿಷೇಧಿಸಲಾಯಿತು. 2006ರ ಸುರಕ್ಷತಾ ಪರೀಕ್ಷೆಯಲ್ಲಿ ಅದಕ್ಕೆ ‘ಡಿ’ ದರ್ಜೆ ದೊರೆಯಿತು. ಎಂದರೆ ತುರ್ತಾಗಿ ದುರಸ್ತಿ ಮಾಡಬೇಕು, ಇಲ್ಲವೇ ಬಳಕೆ ನಿಲ್ಲಿಸಬೇಕು. ಕೆಡಹುವುದೆಂದೇ ಮೊದಲು ನಿಶ್ಚಯವಾಗಿತ್ತು. 2014ರ ಸೆಪ್ಟೆಂಬರಿನಲ್ಲಿ ಮೇಯರ್ ಪಾರ್ಕ್ ವೊನ್-ಸೂನ್ ನ್ಯೂಯಾರ್ಕಿಗೆ ಹೋಗಿದ್ದಾಗ ಹೈ ಲೈನ್ ಉದ್ಯಾನದಲ್ಲಿ ನಿಂತು, ತಮ್ಮ ನಗರದ ಈ ಸೇತುವೆಯನ್ನೂ ಜನರ ಕಾಲ್ದಾರಿಯನ್ನಾಗಿ ಮಾಡುವುದಾಗಿ ಘೋಷಿಸಿದರು.

ಘೋಷಣೆ ಸುಲಭ. ಊರಿನಲ್ಲಿ ಎದ್ದ ಪ್ರತಿಭಟನೆಯನ್ನು ಎದುರಿಸುವುದು ಸುಲಭವಾಗಿರಲಿಲ್ಲ. ದಿನವೊಂದಕ್ಕೆ ಸುಮಾರು 46,000 ವಾಹನಗಳು ಆ ಸೇತುವೆಯನ್ನು ಬಳಸುತ್ತಿದ್ದವು. ನಾಮ್‌ದೇಮುನ್ ವ್ಯಾಪಾರಿಗಳೂ ಹೊಲಿಗೆ ಕಾರ್ಖಾನೆಯವರೂ ಬೀದಿಗಿಳಿದರು. “ಮೊದಲು ಬದಲಿ ಸೇತುವೆ ಕೊಡಿ, ಆಮೇಲೆ ಹೂಗಿಡ ನೆಡಿ” ಎಂಬುದು ಅವರ ವಾದದ ಸಾರ. ವಾಹನ ಮಾರ್ಗ ಬದಲಿಸಲು ಪೊಲೀಸರೂ ಕೇಂದ್ರದ ಸಾರಿಗೆ ಸಚಿವಾಲಯವೂ ಒಪ್ಪಬೇಕಾಗಿತ್ತು. ಅದಕ್ಕೆ ತಿಂಗಳುಗಳೇ ಹಿಡಿದವು. ಕೊನೆಗೆ 2015ರ ಡಿಸೆಂಬರ್ 13ರಂದು ಸೇತುವೆಯ ಮೇಲೆ ವಾಹನ ಸಂಚಾರ ನಿಂತಿತು. ವ್ಯಾಪಾರಿಗಳ ಆತಂಕವನ್ನು ಪ್ರಗತಿವಿರೋಧವೆಂದು ತಳ್ಳಿಹಾಕುವುದು ನಮಗೆ ಸರಿಯೆನಿಸುವುದಿಲ್ಲ. ಉದ್ಯಾನದಲ್ಲಿ ಸಂಜೆ ಅಡ್ಡಾಡುವವರು ಬೇರೆ, ಗಂಟು ಹೊರುವವರು ಬೇರೆ. ಲಾಭ ಒಬ್ಬರಿಗೆ, ಸುತ್ತುದಾರಿ ಇನ್ನೊಬ್ಬರಿಗೆ ಎಂದಾಗ ಲೆಕ್ಕ ಕೇಳುವ ಹಕ್ಕು ಅವರಿಗಿದೆ.

ಅಕ್ಷರಮಾಲೆಯ ತೋಟ

2015ರಲ್ಲಿ ನಡೆದ ವಿನ್ಯಾಸ ಸ್ಪರ್ಧೆಯಲ್ಲಿ ನೆದರ್ಲೆಂಡ್ಸ್‌ನ ಎಂವಿಆರ್‌ಡಿವಿ ಸಂಸ್ಥೆ ಗೆದ್ದಿತು. ಅದರ ಸಂಸ್ಥಾಪಕರಲ್ಲೊಬ್ಬರಾದ ವಾಸ್ತುಶಿಲ್ಪಿ ವಿನಿ ಮಾಸ್ ಅವರ ಕಲ್ಪನೆ ಸರಳವಾದುದು: ಸೇತುವೆಯನ್ನು ಗಿಡಗಳ ಗ್ರಂಥಾಲಯವನ್ನಾಗಿ ಮಾಡುವುದು. ಗ್ರಂಥಾಲಯದಲ್ಲಿ ಪುಸ್ತಕಗಳನ್ನು ಅಕಾರಾದಿಯಾಗಿ ಜೋಡಿಸುವಂತೆ, ಕೊರಿಯಾದ ಗಿಡಮರಗಳನ್ನು ಅವುಗಳ ಕುಟುಂಬದ ಹೆಸರಿನ ಮೇರೆಗೆ ಕೊರಿಯನ್ ವರ್ಣಮಾಲೆಯ ‘ಗ, ನ, ದ’ ಕ್ರಮದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸಾಲಾಗಿ ಇಡಲಾಯಿತು. ನಮ್ಮಲ್ಲಾದರೆ ಅತ್ತಿ, ಅರಳಿ, ಆಲ, ಇಪ್ಪೆ ಎಂದು ಆರಂಭಿಸಿ ಹೊನ್ನೆ, ಹೊಂಗೆಗಳವರೆಗೆ ನಡೆದುಹೋದಂತೆ. ಮಕ್ಕಳಿಗೆ ಅಕ್ಷರವನ್ನೂ ಮರವನ್ನೂ ಒಟ್ಟಿಗೆ ಕಲಿಸಬಹುದಾದ ಇಂತಹ ಪಾಠಶಾಲೆ ಕಂಡು ನಮಗೆ ಸ್ವಲ್ಪ ಅಸೂಯೆಯೇ ಆಯಿತು.

ಕಾಂಕ್ರೀಟಿನ 645 ದುಂಡು ಕುಂಡಗಳಲ್ಲಿ 228 ಬಗೆಯ ಸುಮಾರು 24,000 ಸಸ್ಯಗಳನ್ನು ನೆಟ್ಟು, 2017ರ ಮೇ 20ರಂದು ಉದ್ಯಾನವನ್ನು ಜನರಿಗೆ ಒಪ್ಪಿಸಲಾಯಿತು. ಅದರ ಹೆಸರು ‘ಸಿಯೋಲ್ಲೊ 7017’. ಕೊರಿಯನ್ ಭಾಷೆಯಲ್ಲಿ ಈ ಮಾತಿಗೆ ‘ಸಿಯೋಲ್ ರಸ್ತೆ’ ಎಂದೂ ‘ಸಿಯೋಲ್‌ಗೆ’ ಎಂದೂ ಎರಡು ಅರ್ಥ ಹೊಮ್ಮುತ್ತದೆ. 70 ಎಂಬುದು ಸೇತುವೆ ಹುಟ್ಟಿದ ವರ್ಷ, 17 ಅದು ಮರುಹುಟ್ಟು ಪಡೆದ ವರ್ಷ. ಅಲ್ಲದೆ ಸುತ್ತಲಿನ ಪೇಟೆಗಳಿಗೆ ಹೊರಡುವ ಕಾಲ್ದಾರಿಗಳ ಸಂಖ್ಯೆಯೂ 17, ನೆಲದಿಂದ ಸೇತುವೆಯ ಎತ್ತರವೂ 17 ಮೀಟರ್. ಉದ್ದ ಸುಮಾರು ಒಂದು ಕಿಲೋಮೀಟರ್. ಒಟ್ಟು ವೆಚ್ಚ ಸುಮಾರು 6,000 ಕೋಟಿ ವಾನ್. ಅಂದಿನ ವಿನಿಮಯ ದರದಲ್ಲಿ ನಮ್ಮ 340 ಕೋಟಿ ರೂಪಾಯಿಗಳ ಆಸುಪಾಸು. ಉದ್ಘಾಟನೆಗೆಂದು ಸುಮಾರು 30,000 ಹಳೆಯ ಪಾದರಕ್ಷೆಗಳನ್ನು ಸೇತುವೆಯಿಂದ ಜಲಪಾತದಂತೆ ಇಳಿಬಿಟ್ಟ ಕಲಾಕೃತಿಯೊಂದನ್ನು ನಿಲ್ಲಿಸಿದ್ದರು. ‘ಇದು ಕಲೆಯೋ ಕಸವೋ’ ಎಂದು ಊರೆಲ್ಲ ಕೇಳಿತು. ಕೆಲವೇ ದಿನಗಳಲ್ಲಿ ಅದನ್ನು ತೆಗೆದುಬಿಟ್ಟರು.

ಇಲ್ಲಿ ಒಂದು ತಾಂತ್ರಿಕ ವಿವರಣೆ ಅಗತ್ಯ. ಸೇತುವೆಯ ಮೇಲೆ ಲಾರಿಗಳೇ ಓಡುತ್ತಿದ್ದವಲ್ಲ, ಗಿಡಗಳ ಭಾರವೇನು ಮಹಾ ಎಂದು ನಮಗೂ ಮೊದಲು ಅನ್ನಿಸಿತ್ತು. ಹಾಗಲ್ಲವಂತೆ. ನೀರು ಕುಡಿದ ಮಣ್ಣು ಒಂದು ಘನ ಮೀಟರಿಗೆ ಎರಡು ಟನ್ನಿನ ಹತ್ತಿರ ತೂಗುತ್ತದೆ. ಹುಲ್ಲಿಗೆ ಗೇಣುದ್ದ ಮಣ್ಣು ಸಾಕು, ಪೊದೆಗೆ ಮೊಳಕ್ಕೂ ಮಿಗಿಲು, ಮರಕ್ಕೆ ಒಂದು ಮೀಟರಿಗೆ ಕಡಿಮೆಯಿಲ್ಲ. ವಾಹನ ಬರುತ್ತದೆ, ಹೋಗುತ್ತದೆ. ಮಣ್ಣಿನ ಭಾರ ಹಗಲಿರುಳೂ ಅಲ್ಲೇ ಇರುತ್ತದೆ. ಮೇಲಾಗಿ ದಿನವೂ ನೀರುಣಿಸಬೇಕು. ಆ ನೀರು ಬಿರುಕಿನಲ್ಲಿ ಇಳಿದರೆ ಕಬ್ಬಿಣಕ್ಕೆ ತುಕ್ಕು, ಬೇರು ಇಳಿದರೆ ಕಾಂಕ್ರೀಟಿಗೆ ಸೀಳು. ಬಿಸಿಲು ಚಳಿಗೆ ಸೇತುವೆ ಹಿಗ್ಗಿ ಕುಗ್ಗಲೆಂದು ನಡುನಡುವೆ ಬಿಟ್ಟಿರುವ ಸಂದುಗಳನ್ನು ಮುಚ್ಚುವಂತಿಲ್ಲ. ಆದ್ದರಿಂದಲೇ ಸಿಯೋಲ್‌ನಲ್ಲಿ ಹಳೆಯ ಸೇತುವೆಯನ್ನು ‘ಉಳಿಸಿದರು’ ಎಂದರೂ, ವಾಸ್ತವದಲ್ಲಿ ಸವೆದ ಕಾಂಕ್ರೀಟು ಹಾಸನ್ನು ತೆಗೆದು ಹೊಸ ಹಾಸು ಹಾಕಿ, ಅಸ್ಥಿಪಂಜರವನ್ನು ಬಲಪಡಿಸಿದ ಮೇಲೆಯೇ ಕುಂಡಗಳು ಬಂದವು. ಹಳೆಯದನ್ನು ಉಳಿಸಿಕೊಳ್ಳುವುದು ಅಗ್ಗವೆಂಬ ಭಾವನೆ ಎಲ್ಲ ಕಡೆಯೂ ನಿಜವಲ್ಲ.

ಮರ ನೆಲದಲ್ಲಿಲ್ಲ, ಕುಂಡದಲ್ಲಿದೆ ಎಂಬುದೇ ಈ ಉದ್ಯಾನದ ದೊಡ್ಡ ಮಿತಿ. ಕುಂಡದ ಮರ ಹಬ್ಬಿ ನೆರಳು ಕೊಡಲಾರದು. ಸಿಯೋಲ್‌ನ ಬೇಸಿಗೆಯಲ್ಲಿ ಕಾಂಕ್ರೀಟು ಕಾದು ನಡೆಯುವವರನ್ನು ಬೇಯಿಸುತ್ತದೆ. ಚಳಿಗಾಲದಲ್ಲಿ ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗಿಳಿದಾಗ ಕುಂಡದ ಬೇರುಗಳು ಹೆಪ್ಪುಗಟ್ಟುತ್ತವೆ. ಕಾಂಕ್ರೀಟು ಹೆಚ್ಚು, ಹಸಿರು ಕಡಿಮೆ ಎಂಬ ದೂರು ಆರಂಭದಿಂದಲೂ ಇದೆ. ಮುಂದೆ ನಗರದ ಆಡಳಿತ ಬದಲಾಗಿ, ನಿಲ್ದಾಣದ ಸುತ್ತಮುತ್ತಲ ಪ್ರದೇಶಕ್ಕೆ ಹೊಸ ಯೋಜನೆಗಳ ಚಿಂತನೆ ನಡೆದಾಗ, 2020ರ ದಶಕದಲ್ಲಿ, ಈ ಉದ್ಯಾನವನ್ನೇ ಕೆಡಹಬೇಕೇ ಎಂಬ ಚರ್ಚೆಯೂ ಪತ್ರಿಕೆಗಳಲ್ಲಿ ಕೇಳಿಬಂದಿತು. ಒಬ್ಬ ಮೇಯರರ ಕನಸು ಇನ್ನೊಬ್ಬರಿಗೆ ಹೊರೆಯಾಗುವುದು ನಮ್ಮ ನಗರಗಳಿಗೆ ಮಾತ್ರ ಸೀಮಿತವಲ್ಲವೆಂದಾಯಿತು.

ಕೆಡಹಿದ ಇನ್ನೊಂದು ಸೇತುವೆ

ಇದೇ ನಗರ ಹನ್ನೆರಡು ವರ್ಷ ಮೊದಲು ತದ್ವಿರುದ್ಧವಾದ ದಾರಿ ಹಿಡಿದಿತ್ತೆಂಬುದು ಸ್ವಾರಸ್ಯಕರ. ಚೊಂಗ್ಯೆಚೊನ್ ಎಂಬ ಹಳೆಯ ತೊರೆಯ ಮೇಲೆ 1950ರ ದಶಕದ ಕೊನೆಯಿಂದ ಕಾಂಕ್ರೀಟು ಮುಚ್ಚಿ ರಸ್ತೆ ಮಾಡಿ, ಅದರ ಮೇಲೆ ಎತ್ತರದ ಹೆದ್ದಾರಿಯನ್ನೂ ಕಟ್ಟಿದ್ದರು. ಮೇಯರ್ ಲೀ ಮ್ಯುಂಗ್-ಬಾಕ್ (ಮುಂದೆ ದೇಶದ ಅಧ್ಯಕ್ಷರಾದವರು) 2003ರ ಜುಲೈ 1ರಂದು ಅದನ್ನು ಕೆಡಹಲು ತೊಡಗಿ, 2005ರ ಅಕ್ಟೋಬರ್ 1ರಂದು ಸುಮಾರು 5.8 ಕಿ.ಮೀ. ಉದ್ದದ ತೊರೆಯನ್ನೂ ದಂಡೆಯ ಕಾಲ್ದಾರಿಯನ್ನೂ ತೆರೆದರು. ಊರು ಸ್ತಬ್ಧವಾಗುತ್ತದೆಂದು ಹೆದರಿದ್ದವರು ಹಲವರು. ಹಾಗಾಗದಿರಲು ಒಂದು ಮುಖ್ಯ ಕಾರಣ, 2004ರ ಜುಲೈಯಲ್ಲಿ ನಗರದ ಬಸ್ ವ್ಯವಸ್ಥೆಯನ್ನೇ ಹೊಸದಾಗಿ ರೂಪಿಸಿ, ರಸ್ತೆಯ ನಡುವೆ ಬಸ್ಸಿಗೇ ಮೀಸಲಾದ ಪಥಗಳನ್ನು ಕೊಟ್ಟದ್ದು. ಕಾರಿನವರ ದಾರಿ ಕಿತ್ತುಕೊಂಡ ಮರುವರ್ಷವೇ ಬಸ್ಸಿನ ದಾರಿ ಸಿದ್ಧವಾಯಿತು. ತೊರೆಯೂ ಪೂರ್ಣವಾಗಿ ಸಹಜವಲ್ಲ. ದಿನಕ್ಕೆ ಸುಮಾರು 1,20,000 ಟನ್ ನೀರನ್ನು ಬಹುಪಾಲು ಹಾನ್ ನದಿಯಿಂದ ಪಂಪು ಮಾಡಿ ಹರಿಸಬೇಕು. ಅಲ್ಲಿದ್ದ ಬೀದಿ ವ್ಯಾಪಾರಿಗಳನ್ನು ಹಳೆಯ ಕ್ರೀಡಾಂಗಣವೊಂದಕ್ಕೆ ಕಳುಹಿಸಲಾಯಿತು. ಕೆಲವು ವರ್ಷಗಳಲ್ಲಿ ಆ ಕ್ರೀಡಾಂಗಣವನ್ನೂ ಕೆಡಹಲಾಯಿತು. ತೊರೆಯ ನಡುವೆ ಹಳೆಯ ಹೆದ್ದಾರಿಯ ಮೂರು ಕಂಬಗಳನ್ನು ಮಾತ್ರ ನೆನಪಿಗೆಂದು ಹಾಗೆಯೇ ನಿಲ್ಲಿಸಿದ್ದಾರೆ.

ಇತರ ನಗರಗಳು

ಬ್ರೆಜಿಲ್‌ನ ಸಾವೊ ಪಾಲೊದಲ್ಲಿ 1971ರಲ್ಲಿ ಸೈನಿಕ ಆಡಳಿತದ ಕಾಲದಲ್ಲಿ ಕಟ್ಟಿದ ಎತ್ತರದ ಹೆದ್ದಾರಿಗೆ ಜನ ಇಟ್ಟ ಹೆಸರು ‘ಮಿನ್ಯೊಕಾವೊ’, ಎಂದರೆ ದೊಡ್ಡ ಎರೆಹುಳು. ಮನೆಗಳ ಕಿಟಕಿಗೆ ಕೆಲವೇ ಮೀಟರ್ ದೂರದಲ್ಲಿ ವಾಹನಗಳು ಓಡುತ್ತಿದ್ದುದರಿಂದ ನಿದ್ದೆಗೆಟ್ಟ ನಿವಾಸಿಗಳ ದೂರಿನ ಮೇರೆಗೆ 1976ರಿಂದ ರಾತ್ರಿ ಹೊತ್ತು ಅದನ್ನು ಮುಚ್ಚತೊಡಗಿದರು. ಮುಂದೆ ಭಾನುವಾರಗಳಂದೂ ಮುಚ್ಚಿದರು. ಒಂದು ಗಿಡವನ್ನೂ ನೆಡದೆ, ಒಂದು ಕಾಸೂ ಖರ್ಚಿಲ್ಲದೆ, ಜನ ತಾವಾಗಿ ಅಲ್ಲಿ ನಡೆಯತೊಡಗಿದರು, ಮಕ್ಕಳು ಸೈಕಲ್ ಕಲಿತರು. 2016ರಲ್ಲಿ ಅದಕ್ಕೆ ಸೇನಾ ಅಧ್ಯಕ್ಷರೊಬ್ಬರ ಹೆಸರು ಹೋಗಿ, 1964ರಲ್ಲಿ ಸೇನೆ ಪದಚ್ಯುತಗೊಳಿಸಿದ ಅಧ್ಯಕ್ಷ ಜೊವಾವ್ ಗುಲಾರ್ಟ್ ಅವರ ಹೆಸರು ಬಂತು. ಉದ್ಯಾನ ಮಾಡಬೇಕೋ ಕೆಡಹಬೇಕೋ ಎಂಬ ವಾದ ಮಾತ್ರ ಮುಂದುವರಿಯಿತು. ಉದ್ಯಾನವಾದರೆ ಬಾಡಿಗೆ ಏರಿ ತಾವೇ ಹೊರಬೀಳಬೇಕಾದೀತು ಎಂಬುದು ಅಲ್ಲಿನ ಬಾಡಿಗೆದಾರರ ಭಯ. ಹೈ ಲೈನ್ ಸುತ್ತ ಬಾಡಿಗೆ ಏರಿದ ಬಗೆಯನ್ನು ನೋಡಿದರೆ ಆ ಭಯ ಆಧಾರರಹಿತವಲ್ಲ.

ಪ್ಯಾರಿಸ್ಸಿನಲ್ಲಿ ಸೇನ್ ನದಿಯ ಬಲದಂಡೆಯಲ್ಲಿ 1967ರಿಂದ ಇದ್ದ ವೇಗದ ರಸ್ತೆಯ 3.3 ಕಿ.ಮೀ. ಭಾಗವನ್ನು 2016ರಲ್ಲಿ ವಾಹನಗಳಿಗೆ ಮುಚ್ಚಿದರು. 2018ರ ಫೆಬ್ರವರಿಯಲ್ಲಿ ನ್ಯಾಯಾಲಯ ಆ ಆದೇಶವನ್ನು ರದ್ದು ಮಾಡಿತು; ನಗರಸಭೆ ಹೊಸ ಕಾರಣಗಳೊಂದಿಗೆ ಹೊಸ ಆದೇಶ ಹೊರಡಿಸಿ ರಸ್ತೆಯನ್ನು ಉಳಿಸಿಕೊಂಡಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಮುದ್ರತೀರದ ಹೆದ್ದಾರಿಯೊಂದರ ಸುಮಾರು 3 ಕಿ.ಮೀ. ಭಾಗವನ್ನು ಉದ್ಯಾನವಾಗಿಸಲು 2024ರ ನವೆಂಬರಿನಲ್ಲಿ ಇಡೀ ನಗರದ ಮತದಾನ ನಡೆದು, ಪರವಾದ ಮತವೇ ಗೆದ್ದಿತು. 2025ರ ಏಪ್ರಿಲಿನಲ್ಲಿ ಉದ್ಯಾನ ತೆರೆಯಿತು. ಆದರೆ ಆ ರಸ್ತೆಯನ್ನು ದಿನವೂ ಬಳಸುತ್ತಿದ್ದ ಪಕ್ಕದ ಬಡಾವಣೆಯವರು ಬಹುಪಾಲು ವಿರೋಧವಾಗಿದ್ದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಯೋಜನೆಯನ್ನು ಬೆಂಬಲಿಸಿದ್ದ ತಮ್ಮ ಪ್ರತಿನಿಧಿಯನ್ನು ಅವರು ಮತ ಹಾಕಿ ಹಿಂದಕ್ಕೆ ಕರೆಸಿಕೊಂಡರು.

ಹಣದ ದೃಷ್ಟಿಯಿಂದ ನಮ್ಮ ಕುತೂಹಲವನ್ನು ಹೆಚ್ಚು ಸೆಳೆದದ್ದು ಟೋಕಿಯೊ. ಬ್ಯಾಂಕಿನ ಮೇಜಿನಲ್ಲಿ ವರ್ಷಗಟ್ಟಲೆ ಕುಳಿತವರಿಗೆ ಯಾವ ಯೋಜನೆ ಕಂಡರೂ ಮೊದಲು ಬರುವ ಪ್ರಶ್ನೆ, ಮರುವರ್ಷದ ಖರ್ಚನ್ನು ಯಾರು ಕೊಡುತ್ತಾರೆ ಎಂಬುದೇ. ಗಿಂಜಾ ಪೇಟೆಯನ್ನು ಬಳಸಿ ಹೋಗುವ ಸುಮಾರು 2 ಕಿ.ಮೀ. ಉದ್ದದ ಎತ್ತರದ ರಸ್ತೆ 1959ರಿಂದ 1966ರವರೆಗೆ ಹಂತಹಂತವಾಗಿ ತೆರೆಯಿತು. ಅದನ್ನು ಕಟ್ಟಿದ ಕಂಪನಿ ವಾಹನಗಳಿಂದ ಸುಂಕ ಪಡೆಯಲಿಲ್ಲ. ರಸ್ತೆಯ ಅಡಿಯಲ್ಲೇ ಅಂಗಡಿ ಹೋಟೆಲುಗಳ ಸಾಲನ್ನು ಕಟ್ಟಿ, ಅವುಗಳ ಬಾಡಿಗೆಯಿಂದ ಮೇಲಿನ ರಸ್ತೆಯನ್ನು ನಡೆಸಿತು. 2025ರ ಏಪ್ರಿಲಿನಲ್ಲಿ ಅಲ್ಲಿ ವಾಹನ ಸಂಚಾರ ನಿಂತಿದ್ದು, ಮೇಲ್ಭಾಗವನ್ನು ಕಾಲ್ನಡಿಗೆಯ ಹಸಿರು ದಾರಿಯಾಗಿಸುವ ಕೆಲಸ 2030ರ ದಶಕವನ್ನೂ ದಾಟಿ ನಡೆಯುವ ಅಂದಾಜಿದೆ. ಮೇಲೆ ಕಾರು ಓಡಲಿ, ಜನ ನಡೆಯಲಿ, ಕೆಳಗಿನ ಅಂಗಡಿಗಳ ಬಾಡಿಗೆಗೆ ಆಧಾರ ತಪ್ಪದು. ನೀಳ ಉದ್ಯಾನಗಳ ಪೈಕಿ ಇಷ್ಟು ಗಟ್ಟಿಯಾದ ವರಮಾನದ ಮೇಲೆ ನಿಂತ ಇನ್ನೊಂದನ್ನು ನಾವು ಕಂಡಿಲ್ಲ.

ನಮ್ಮ ಮುಂಬಯಿ

ಮುಂಬಯಿಯಲ್ಲಿ ಹಳೆಯ ಸೇತುವೆ ನಿರುಪಯೋಗಿಯಾಗಿ ಉಳಿಯುವುದೇ ಅಪರೂಪ. 1868ರ ಕಾರ್ನಾಕ್ ಸೇತುವೆಯನ್ನು 2022ರ ನವೆಂಬರಿನಲ್ಲಿ ಕೆಡಹಿ, ಅದೇ ಜಾಗದಲ್ಲಿ ಕಟ್ಟಿದ ಹೊಸ ಸೇತುವೆಯನ್ನು 2025ರ ಜುಲೈಯಲ್ಲಿ ಸಂಚಾರಕ್ಕೆ ತೆರೆಯಲಾಯಿತು. ಅಂಧೇರಿಯ ಗೋಖಲೆ ಸೇತುವೆಯನ್ನೂ 2022ರಲ್ಲಿ ಮುಚ್ಚಿ ಕೆಡಹಿ ಹೊಸದಾಗಿ ಕಟ್ಟಬೇಕಾಯಿತು. ಅದು ಮುಚ್ಚಿದ್ದ ದಿನಗಳಲ್ಲಿ ಪೂರ್ವ-ಪಶ್ಚಿಮಗಳ ನಡುವೆ ಓಡಾಡಿದವರಿಗೆ ನಾಮ್‌ದೇಮುನ್ ವ್ಯಾಪಾರಿಗಳ ಕೋಪ ಚೆನ್ನಾಗಿ ಅರ್ಥವಾದೀತು. ರೈಲು ಹಳಿ ಊರನ್ನು ಉದ್ದಕ್ಕೂ ಸೀಳಿರುವ ನಮ್ಮಲ್ಲಿ ಹಳಿ ದಾಟುವ ಒಂದು ಸೇತುವೆಯನ್ನೂ ತೋಟಕ್ಕೆ ಬಿಟ್ಟುಕೊಡುವುದು ಸದ್ಯಕ್ಕೆ ಸಾಧ್ಯವೆಂದು ನಮಗೆ ತೋರುವುದಿಲ್ಲ.

ಆದರೆ ಸೇತುವೆಯ ಮೇಲೆ ಸಾಧ್ಯವಾಗದ್ದು ಅದರ ಅಡಿಯಲ್ಲಿ ಸಾಧ್ಯವಾಗಿದೆ. ಮಾಟುಂಗಾದ ತುಳಪುಳೆ ಮೇಲ್ಸೇತುವೆಯ ಕೆಳಗಿನ ಜಾಗ, ಸೇತುವೆ ಕಟ್ಟಿದ ಮೇಲೆ ಇಂತಹ ಎಲ್ಲ ಜಾಗಗಳಿಗೂ ಬರುವ ಗತಿಯಂತೆ, ವಾಹನ ನಿಲುಗಡೆಗೂ ಬೇಡದ ಚಟುವಟಿಕೆಗಳಿಗೂ ಈಡಾಗುವ ಸ್ಥಿತಿಯಲ್ಲಿತ್ತು. ಆಸುಪಾಸಿನ ನಿವಾಸಿಗಳು ಒಟ್ಟುಗೂಡಿ, ತಾವೇ ಕಾವಲು ಹಾಕಿ, ನಗರಪಾಲಿಕೆಯ ಬೆನ್ನು ಹತ್ತಿ ಅಲ್ಲಿ ಉದ್ಯಾನವಾಗುವಂತೆ ಮಾಡಿದರು. 2016ರಲ್ಲಿ ತೆರೆದ ನಾನಾಲಾಲ್ ಡಿ. ಮೆಹತಾ ಉದ್ಯಾನ ಅದೇ. ಸುಮಾರು 600 ಮೀಟರ್ ಉದ್ದದ ನಡಿಗೆಯ ದಾರಿಯನ್ನು ನರ್ಮದಾ ನದಿಯ ಹರಿವಿನ ಆಕಾರದಲ್ಲಿ ತಿರುವುಮುರುವಾಗಿ ಹಾಸಿ, ನೀಲಿ ಬಣ್ಣ ಬಳಿದು, ಆ ನದಿಯ ದಾರಿಯಲ್ಲಿ ಸಿಗುವ ಸ್ಥಳಗಳ ವಿವರಗಳನ್ನೂ ಒದಗಿಸಿದ್ದಾರೆ. ನೆತ್ತಿಯ ಮೇಲೆ ಕಾಂಕ್ರೀಟು ಚಾವಣಿ ಇರುವುದರಿಂದ ಬಿಸಿಲಿಗೂ ಜೂನ್ ತಿಂಗಳ ಮಳೆಗೂ ನಡಿಗೆ ನಿಲ್ಲಬೇಕಾಗಿಲ್ಲ; ಸಿಯೋಲ್‌ನ ಮೇಯರ್ ಕೊಡಲಾರದ ನೆರಳು ಇಲ್ಲಿ ಪುಕ್ಕಟೆ ದೊರೆತಿದೆ. ಎರಡೂ ಪಕ್ಕದಲ್ಲಿ ವಾಹನಗಳು ಓಡುತ್ತಿರುವುದರಿಂದ ಸದ್ದು, ಹೊಗೆ ತಪ್ಪಿದ್ದಲ್ಲ.

ಮಾಟುಂಗಾಕ್ಕೆ ಕನ್ನಡಿಗರ ಓಡಾಟ ಹಿಂದಿನಿಂದಲೂ ಉಂಟು. ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಕ್ಕೋ ಹೂವಿನ ಪೇಟೆಗೋ ಬಂದವರು ಅರ್ಧ ಗಂಟೆ ಬಿಡುವು ಮಾಡಿಕೊಂಡು ಡಾ. ಅಂಬೇಡ್ಕರ್ ರಸ್ತೆಯ ಈ ದಾರಿಯಲ್ಲಿ ಒಮ್ಮೆ ನಡೆದು ನೋಡಬಹುದು.